ಬಸ್ಸು ತಂದ ಯಾತ್ರಿಕ

ನನ್ನ ತಂದೆ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದರು. ಇಪ್ಪತ್ತೊಂದು ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋದವರು. 1979ರಲ್ಲಿ, ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ಹಟ ಹಿಡಿದು ಅವರ ಸಂಗಡ ಹೊರಟೆ. ರಾಯಚೂರು ದಾಟಿದೆವು, ಕರ್ನೂಲು ಮುಟ್ಟಿದೆವು. ಆತ್ಮಕೂರು ಬರುವಷ್ಟರಲ್ಲಿ ನನ್ನ ಎರಡೂ ಅಂಗಾಲಿನ ಬೊಕ್ಕೆ ಒಡೆದು ಕೀವಾಗಿ, ಜ್ವರ ಏರಿ, ನಿಂತಲ್ಲೇ ಕುಸಿದೆ. ಮುಂದಿನದು ನಲ್ಲಮಲದ ಕಾಡು: ನಾಗಲೂಟಿ, ಪೆದ್ದ ಚೆರುವು, ಭೀಮನ ಕೊಳ್ಳ. ಜ್ವರ ಬಂದ ಹುಡುಗನನ್ನು ಕರೆದೊಯ್ಯುವ ಹಾದಿಯಲ್ಲ ಅದು. ಊರಿನ ಹಿರಿಯರೊಬ್ಬರ ಜೊತೆಗೆ ನನ್ನನ್ನು ಬಸ್ಸಿಗೆ ಹತ್ತಿಸಿದರು.

ಅಪ್ಪನಿಗಿಂತ ಒಂದೂವರೆ ದಿನ ಮೊದಲೇ ನಾನು ಶ್ರೀಶೈಲದಲ್ಲಿದ್ದೆ. ಮಲ್ಲಯ್ಯನ ಲಿಂಗಕ್ಕೆ ಹಣೆ ಮುಟ್ಟಿಸಿಯೂ ಬಂದಿದ್ದೆ. ಮರುದಿನ ಕೈಲಾಸ ಬಾಗಿಲಿನ ಕಡೆಯಿಂದ, ಮೊಣಕಾಲಿನವರೆಗೆ ಧೂಳು ಹೊತ್ತುಕೊಂಡು, ಮಲ್ಲಯ್ಯನ ಕಂಬಿ ಹೊತ್ತ ಯಾತ್ರಿಕರ ಹಿಂದೆ ಅಪ್ಪ ಬಂದರು. ಕುಂಟುತ್ತ ಎದುರಿಗೆ ಹೋಗಿ ಕಾಲು ಮುಟ್ಟಿ, “ಅಪ್ಪಾ, ನಾನೂ ಬಂದೆ” ಎಂದೆ. ಅವರು ನನ್ನ ತಲೆ ಸವರಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನೀ ಬಂದಿಲ್ಲಪಾ. ನಿನ್ನ ಬಸ್ಸು ತಂದೈತಿ” ಎಂದರು.

ನಲವತ್ತಾರು ವರ್ಷ ಆ ಮಾತು ನನ್ನೊಳಗೆ ಕೂತಿತ್ತು. ಯಾತ್ರೆ ಎಂದರೆ ಮುಟ್ಟುವುದೋ, ನಡೆಯುವುದೋ? ಮುಕ್ಕಾಲು ಹಾದಿ ನಡೆದು ಕಾಲು ಹಾದಿ ಕೂತು ಹೋದವನು ಬಂದವನೋ ಬಾರದವನೋ? ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿದೆ. ಫಾಹಿಯಾನ್, ಹ್ಯುಯೆನ್ ತ್ಸಾಂಗ್ ಪಾಠ ಬಂದಾಗಲೆಲ್ಲ ಆತ್ಮಕೂರಿನ ಆ ಬಸ್ಸು ನೆನಪಾಗುತ್ತಿತ್ತು. ಅಪ್ಪನ ಮಾತಿಗೆ ಒಂದು ಎದುರುಮಾತು ನನಗೆ ಸಿಕ್ಕಿದ್ದು ಶ್ರೀಶೈಲದ ಹಾದಿಯಲ್ಲಲ್ಲ, ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಗುಡ್ಡದ ಮೇಲೆ.

2025ರ ಮಾರ್ಚ್ 29, ಶನಿವಾರ. ಯುಗಾದಿಯ ಅಮಾವಾಸ್ಯೆ. ಅಟ್ಲಾಂಟಾದ ಉತ್ತರಕ್ಕಿರುವ ಮಗಳ ಮನೆಗೆ ನಾನೂ ನನ್ನ ಹೆಂಡತಿಯೂ ಹೋಗಿ ಒಂದು ತಿಂಗಳಾಗಿತ್ತು. ಊರಲ್ಲಿದ್ದರೆ ಆ ಹೊತ್ತಿಗೆ, ಯಾರು ಯಾರು ಕೊಳ್ಳ ಹತ್ತಿರಬಹುದು, ಯಾರು ಗುಡಿ ಮುಟ್ಟಿರಬಹುದು ಎಂದು ಎಣಿಸುತ್ತ ಕೂತಿರುತ್ತಿದ್ದೆ. ಅಲ್ಲಿ ಪೈನ್ ಮರದ ಹಳದಿ ಪರಾಗ ಕಾರುಗಳ ಮೇಲೆ ಅರಿಷಿಣದ ಹಾಗೆ ಕೂತಿತ್ತು. ನನ್ನ ಮುಖ ನೋಡಿಯೇ ಮಗಳು ಹೇಳಿರಬೇಕು, “ಅಪ್ಪಾ, ನಡೀ, ಒಂದ್ ಗುಡ್ಡಾ ಹತ್ತಿ ಬರೋಣು. ನಿನಗ ಒಂದ್ ಹಾದಿ ತೋರಸ್ತೀನಿ.” ಹೆಂಡತಿ ಮರುದಿನದ ಹೋಳಿಗೆಯ ಸಿದ್ಧತೆಯಲ್ಲಿದ್ದಳು. ಊರಿಂದ ತಂದಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿಗೆ ಹಾಕಿ ಕೊಟ್ಟಳು. ನಾವಿಬ್ಬರು ಹೊರಟೆವು.

ಡಲೋನೆಗಾ ಎಂಬ ಸಣ್ಣ ಪಟ್ಟಣ ದಾಟಿ ಒಂದಷ್ಟು ದೂರ ಹೋದರೆ ನೀಲ್ ಗ್ಯಾಪ್ ಎಂಬ ಕಣಿವೆ. ಅಪಲಾಚಿಯನ್ ಟ್ರೇಲ್ ಅಲ್ಲಿ ಡಾಂಬರು ರಸ್ತೆಯನ್ನು ಅಡ್ಡ ಹಾಯುತ್ತದೆ. ಜಾರ್ಜಿಯಾದ ಸ್ಪ್ರಿಂಗರ್ ಮೌಂಟನ್ನಿನಿಂದ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದವರೆಗೆ, ಹದಿನಾಲ್ಕು ರಾಜ್ಯಗಳ ಬೆಟ್ಟದ ಬೆನ್ನ ಮೇಲೆ ಹೋಗುವ ಕಾಲುಹಾದಿ ಅದು. ಉದ್ದ ಸುಮಾರು 2,190 ಮೈಲಿ, ಅಂದರೆ 3,500 ಕಿಲೋಮೀಟರಿಗೂ ಮಿಕ್ಕಿ. ಮಾರ್ಚ್–ಏಪ್ರಿಲ್‌ನಲ್ಲಿ ದಕ್ಷಿಣದಿಂದ ಹೊರಟು, ವಸಂತದ ಬೆನ್ನು ಹತ್ತಿ ಉತ್ತರಕ್ಕೆ ನಡೆದು, ಚಳಿ ಬೀಳುವ ಮೊದಲು ಕಟಾಡಿನ್ ಮುಟ್ಟಬೇಕೆಂಬುದು ಬಹಳ ಜನರ ಲೆಕ್ಕ. ಇವರನ್ನು ಥ್ರೂ ಹೈಕರ್ ಎನ್ನುತ್ತಾರೆ. ಹೊರಟ ನಾಲ್ವರಲ್ಲಿ ಸುಮಾರು ಒಬ್ಬರು ಮಾತ್ರ ತುದಿ ಕಾಣುತ್ತಾರೆ. ನಮ್ಮಂತೆ ಬೆಳಿಗ್ಗೆ ಬಂದು ಸಂಜೆ ಮನೆ ಸೇರುವವರು ಡೇ ಹೈಕರ್‌ಗಳು.

ನಾವು ಹತ್ತಬೇಕಿದ್ದದ್ದು ಬ್ಲಡ್ ಮೌಂಟನ್. ಎತ್ತರ 4,458 ಅಡಿ, ಜಾರ್ಜಿಯಾದೊಳಗೆ ಈ ಟ್ರೇಲ್ ಮುಟ್ಟುವ ಅತಿ ಎತ್ತರದ ಜಾಗ. ಆ ಸೀಮೆಯ ರೈತ ಕವಿ ಬೈರನ್ ಹರ್ಬರ್ಟ್ ರೀಸ್ ಹೆಸರಿನ ಒಂದು ಒಳಹಾದಿಯಿಂದ ಹತ್ತತೊಡಗಿದೆವು. ಅಡ್ಡಹಾದಿಗಳಿಗೆ ಮರದ ಮೇಲೆ ನೀಲಿ ಪಟ್ಟಿ, ದೊಡ್ಡ ಹಾದಿಗೆ ಬಿಳಿ ಪಟ್ಟಿ. ಎರಡಿಂಚು ಅಗಲ, ಆರಿಂಚು ಉದ್ದದ ಬಿಳಿ ಬಣ್ಣ. ಆ ಬಿಳಿ ಪಟ್ಟಿ ಕಂಡ ಕೂಡಲೇ ನನಗೆ ಹಣೆಯ ಮೇಲಿನ ಒಂದೆಳೆ ವಿಭೂತಿ ನೆನಪಾಯಿತು. ಮರಮರಕ್ಕೂ ಒಂದೆಳೆ.

ಮೇಲಿನ ಮರಗಳು ಇನ್ನೂ ಬರಿದು. ಅಲ್ಲಿನ ವಸಂತ ಕಣಿವೆಯಲ್ಲಿ ಹುಟ್ಟಿ ದಿನಕ್ಕಿಷ್ಟು ಎಂದು ಬೆಟ್ಟ ಏರುತ್ತದೆ. ಕೆಳಗೆ ಹಸಿರು, ನಡುವೆ ಕೆಂಪು ಮೊಗ್ಗು, ತುದಿಯಲ್ಲಿ ಬೂದುಬಣ್ಣದ ರೆಂಬೆ. ಹಳ್ಳದ ಪಕ್ಕ ಮಗಳು ಬಗ್ಗಿ ಒಂದು ಹೂ ತೋರಿಸಿದಳು. ನೆಲದಿಂದ ಗೇಣಷ್ಟೂ ಎತ್ತರವಿಲ್ಲ, ಅಚ್ಚ ಬಿಳಿ ಎಸಳು. ಹೆಸರು ಬ್ಲಡ್‌ರೂಟ್. ಬೇರು ಮುರಿದರೆ ಕೆಂಪು ರಸ ಬರುತ್ತದೆ. ಚೆರೋಕಿ ಜನ ಬುಟ್ಟಿಯ ಬಿದಿರಿಗೆ ಅದರಿಂದ ಬಣ್ಣ ಕಟ್ಟುತ್ತಿದ್ದರು. ಮೇಲಿನ ಮರಗಳು ಎಲೆ ಬಿಟ್ಟರೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಅದಕ್ಕೇ ಈ ನೆಲದ ಹೂಗಳು ಮರಗಳು ಕಣ್ಣು ತೆರೆಯುವ ಮೊದಲೇ ಅರಳಿ, ಬೀಜ ಕಟ್ಟುವ ಕೆಲಸಕ್ಕೆ ಹತ್ತಿಬಿಡುತ್ತವೆ.

ಫ್ಲಾಟ್‌ರಾಕ್ ಗ್ಯಾಪ್ ಎಂಬಲ್ಲಿ ದೊಡ್ಡ ಹಾದಿ ಸೇರಿದೆವು. ನಾವು ಏರುತ್ತಿದ್ದೆವು, ಉತ್ತರಕ್ಕೆ ಹೊರಟವರು ನಮ್ಮೆದುರು ಇಳಿಯುತ್ತಿದ್ದರು. ಮೂರು–ನಾಲ್ಕು ದಿನದ ಹಿಂದೆ ಹೊರಟವರು. ಬೆನ್ನ ಮೇಲೆ ಮನೆಯಷ್ಟು ಭಾರ, ಕೈಯಲ್ಲಿ ಎರಡು ಕೋಲು, ಮುಖದಲ್ಲಿ ಬಿಸಿಲು. ಇಪ್ಪತ್ತರ ಹುಡುಗಿಯರಿದ್ದರು, ಎಪ್ಪತ್ತು ಮುಟ್ಟಿದ ಮುದುಕರಿದ್ದರು. ಹಾದಿಗೆ ಬಂದ ಮೇಲೆ ಅವರು ಸ್ವಂತ ಹೆಸರು ಬಿಟ್ಟು ಹಾದಿಯವರು ಕೊಟ್ಟ ಹೆಸರು ಹಿಡಿಯುತ್ತಾರಂತೆ. ಸನ್ಯಾಸಕ್ಕೆ ಹೆಸರು ಬದಲಿಸುವ ನಾಡಿನಿಂದ ಬಂದ ನನಗೆ ಇದು ಹೊಸದೆನಿಸಲಿಲ್ಲ. ಒಂದೊಂದು ಬಿಳಿ ಪಟ್ಟಿಯನ್ನೂ ಬಿಡದೆ, ಒಂದು ಗಜವನ್ನೂ ತಪ್ಪಿಸದೆ ನಡೆಯಬೇಕೆನ್ನುವ ಮಡಿವಂತರು ಅವರಲ್ಲೂ ಇದ್ದಾರೆ ಎಂದು ಮಗಳು ಹೇಳಿದಳು. ಊರಿನ ಊಟಕ್ಕೆಂದು ವಾಹನದಲ್ಲಿ ಹೋದರೆ, ಹಾದಿ ಬಿಟ್ಟ ಅದೇ ಜಾಗಕ್ಕೆ ಮರಳಿ ಬಂದು ಅಲ್ಲಿಂದಲೇ ಮೊದಲ ಹೆಜ್ಜೆ ಇಡುತ್ತಾರಂತೆ. ಅಪ್ಪ ಇವರ ನಡುವೆ ಇದ್ದಿದ್ದರೆ ತನ್ನವರ ಜೊತೆ ಇದ್ದೇನೆ ಅಂದುಕೊಳ್ಳುತ್ತಿದ್ದರು.

ನನಗೆ ಆ ಮಡಿಯ ಬಗ್ಗೆ ಗೌರವವಿದೆ. ಕಾಲಿಗೆ ತಿಳಿಯುವ ಕೆಲವು ಸಂಗತಿ ಬಸ್ಸಿಗೆ ತಿಳಿಯುವುದಿಲ್ಲ. ಎರೆಭೂಮಿ ಎಲ್ಲಿ ಮುಗಿದು ಮಸಾರಿ ಎಲ್ಲಿ ಸುರುವಾಯಿತು, ಯಾವ ಊರಿನ ಬಾವಿ ನೀರು ಸವಳು, ಕನ್ನಡ ಎಲ್ಲಿ ಕರಗಿ ತೆಲುಗಾಯಿತು, ಇದೆಲ್ಲ ಅಪ್ಪನ ಅಂಗಾಲಿಗೆ ಗೊತ್ತಿತ್ತು. ದೂರ ಅನ್ನುವುದು ಕೂತು ಹೋಗುವವನಿಗೆ ಒಂದು ಅಂಕಿ, ನಡೆಯುವವನಿಗೆ ಒಂದು ಅನುಭವ. ಅಪ್ಪನ ಮಾತಿನ ಈ ಅರ್ಧವನ್ನು ನಾನು ಎಂದೂ ಅಲ್ಲಗಳೆದಿಲ್ಲ. ನನ್ನನ್ನು ಕಾಡಿದ್ದು ‘ನೀ ಬಂದಿಲ್ಲ’ ಅನ್ನುವ ಇನ್ನರ್ಧ.

ಪೂರ್ತಿ ನಡೆದವನೇ ಬಂದವನು ಎನ್ನುವುದಾದರೆ, ಆ ಪೂರ್ತಿ ಎಂಬುದು ಎಲ್ಲಿದೆ? ಈ ಟ್ರೇಲಿನ ಕಲ್ಪನೆಯನ್ನು 1921ರಲ್ಲಿ ಒಂದು ವಾಸ್ತುಶಿಲ್ಪ ಪತ್ರಿಕೆಯ ಲೇಖನದಲ್ಲಿ ಮುಂದಿಟ್ಟವರು ಬೆಂಟನ್ ಮೆಕೈ. ಅದೇ ವರ್ಷದ ಏಪ್ರಿಲ್‌ನಲ್ಲಿ, ಮಹಿಳೆಯರ ಮತದ ಹಕ್ಕಿಗಾಗಿ ಹೋರಾಡಿದ್ದ ಅವರ ಹೆಂಡತಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡಿದ್ದರು. ಆ ದುಃಖದ ತಿಂಗಳುಗಳಲ್ಲಿ ಅವರು ಬರೆದದ್ದು ಈ ಹಾದಿಯನ್ನು. ಅವರ ಮೊದಲ ನಕ್ಷೆಯಲ್ಲಿ ಹಾದಿ ಮೌಂಟ್ ವಾಷಿಂಗ್ಟನ್ನಿಂದ ಮೌಂಟ್ ಮಿಚೆಲ್‌ವರೆಗೆ ಮಾತ್ರ ಇತ್ತು. ಸ್ಪ್ರಿಂಗರ್ ಇರಲಿಲ್ಲ, ಕಟಾಡಿನ್ ಇರಲಿಲ್ಲ. ಯಂತ್ರದ ಬದುಕಿನಲ್ಲಿ ದಣಿದವರು ಬೆಟ್ಟಕ್ಕೆ ಬಂದು ಕೂಡಿ ದುಡಿದು ಉಸಿರಾಡಲಿ ಎಂಬುದು ಅವರ ಆಸೆ. ಒಬ್ಬನೇ ಒಂದೇ ಬೀಸಿಗೆ ನಡೆದು ಮುಗಿಸಲಿ ಎಂದಲ್ಲ. 1937ರಲ್ಲಿ ಹಾದಿ ಪೂರ್ತಿಯಾಯಿತು. ಮೆಕೈ 96 ವರ್ಷ ಬದುಕಿದರು. ತುದಿಯಿಂದ ತುದಿಗೆ ಅವರು ನಡೆಯಲಿಲ್ಲ.

ಹಾದಿಯ ಬಾಯಿ ಕೂಡ ಒಂದೇ ಕಡೆ ನಿಂತಿಲ್ಲ. 1958ರವರೆಗೆ ದಕ್ಷಿಣದ ತುದಿ ಸ್ಪ್ರಿಂಗರ್ ಅಲ್ಲ, ಮೌಂಟ್ ಓಗಲ್‌ಥಾರ್ಪ್. 1955ರ ಮೇ ತಿಂಗಳಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಓಹಿಯೋದ ಹೆಂಗಸು ಹೊರಟದ್ದು ಅಲ್ಲಿಂದ. ಹನ್ನೊಂದು ಮಕ್ಕಳ ತಾಯಿ, 67 ವರ್ಷ, ಗಂಡನ ಹೊಡೆತ ತಿಂದು ಬದುಕು ಸವೆಸಿದವರು. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾನೇ ಹೊಲಿದ ಬಟ್ಟೆಯ ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಹಿಂದಿನ ವರ್ಷ ಮೇಯ್ನ್‌ನಿಂದ ಹೊರಟು ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು, ಅರಣ್ಯದವರ ಮಾತು ಕೇಳಿ ಮನೆಗೆ ಮರಳಿದ್ದರು. ಈ ಸಲ ಸೆಪ್ಟೆಂಬರಿನಲ್ಲಿ ಕಟಾಡಿನ್ ಹತ್ತಿದರು. ಒಬ್ಬಂಟಿಯಾಗಿ ಒಂದೇ ಋತುವಿನಲ್ಲಿ ಈ ಹಾದಿ ನಡೆದ ಮೊದಲ ಮಹಿಳೆ ಎಂದು ಅವರ ಹೆಸರು ನಿಂತಿದೆ. ಅವರು ಹೊರಟ ಗುಡ್ಡ ಇಂದು ಟ್ರೇಲಿನಲ್ಲೇ ಇಲ್ಲ. ಹಾದಿಯ ತುಣುಕುಗಳು ಅಲ್ಲಲ್ಲಿ ಬದಲಾಗುತ್ತಲೇ ಇರುತ್ತವೆ, ಉದ್ದವೂ ಬದಲಾಗುತ್ತದೆ. ಅವರು ನಡೆದ ‘ಪೂರ್ತಿ’ಯನ್ನು ಇಂದು ಯಾರೂ ನಡೆಯಲಾರರು. ಇವತ್ತಿನ ‘ಪೂರ್ತಿ’ಯನ್ನು ಅವರೂ ನಡೆದಿಲ್ಲ. ಹಾಗಂತ ಅವರು ಬರಲಿಲ್ಲ ಎಂದು ಹೇಳುವ ನಾಲಿಗೆ ಯಾರಿಗಿದೆ?

ಟ್ರೇಲಿನ ಹೊಣೆ ಹೊತ್ತ ಸಂಸ್ಥೆ ಇಡೀ ಹಾದಿ ನಡೆದವರ ಹೆಸರು ದಾಖಲು ಮಾಡಿಕೊಳ್ಳುತ್ತದೆ. ಒಂದೇ ಸಲಕ್ಕೆ ನಡೆದರೋ, ಮೂವತ್ತು ವರ್ಷ ತುಣುಕು ತುಣುಕಾಗಿ ನಡೆದರೋ, ಯಾವ ದಿಕ್ಕಿಗೆ ನಡೆದರು, ಭಾರ ಹೊತ್ತಿದ್ದರೋ ಇಲ್ಲವೋ, ಯಾವುದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಡೆದೆ ಎಂದು ನಡೆದವರೇ ಹೇಳಬೇಕು, ಅವರ ಮಾತೇ ಸಾಕ್ಷಿ. ಈ ನಿಯಮ ನನಗೆ ತುಂಬ ಹಿಡಿಸಿತು. ಲೆಕ್ಕ ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು.

ಬಂಡೆಯ ಮೆಟ್ಟಿಲು ಸುರುವಾಗುವ ಮೊದಲು ಒಂದು ದೊಡ್ಡ ಓಕ್ ಮರ ಹಾದಿಗೆ ಅಡ್ಡ ಬಿದ್ದಿತ್ತು. ನಾಲ್ಕು ಜನ ಅದನ್ನು ಕೊಯ್ಯುತ್ತಿದ್ದರು. ಇಬ್ಬರು ಎರಡು ತುದಿ ಹಿಡಿದು ಎಳೆಯುವ ದೊಡ್ಡ ಕೈಗರಗಸ. ಆ ಬೆಟ್ಟ ಕಾನೂನಿನಲ್ಲಿ ‘ವೈಲ್ಡರ್‌ನೆಸ್’ ಎಂದು ಗುರುತಾದ ಕಾಡು, ಅಲ್ಲಿ ಮೋಟರ್ ಗರಗಸ ತರುವಂತಿಲ್ಲ. ನಾಲ್ವರೂ ಅರವತ್ತು ದಾಟಿದವರು, 1930ರಲ್ಲಿ ಹುಟ್ಟಿದ ಜಾರ್ಜಿಯಾ ಅಪಲಾಚಿಯನ್ ಟ್ರೇಲ್ ಕ್ಲಬ್ಬಿನ ಸ್ವಯಂಸೇವಕರು. ರಾಜ್ಯದೊಳಗಿನ ಸುಮಾರು 78 ಮೈಲಿ ಹಾದಿಯನ್ನು ಆ ಕ್ಲಬ್ಬಿನ ಜನ ಪಾಲು ಹಂಚಿಕೊಂಡು ನೋಡಿಕೊಳ್ಳುತ್ತಾರೆ. ಹೀಗೆ ಸುಮಾರು ಮೂವತ್ತು ಕ್ಲಬ್ಬುಗಳು ಇಡೀ ಹಾದಿಯನ್ನು ಹಿಡಿದಿವೆ.

ನಾನು ನಿಂತು ನೋಡಿದೆ. ಒಬ್ಬ ಅಜ್ಜ ಬೆವರೊರೆಸಿಕೊಳ್ಳುತ್ತ ಹೇಳಿದರು, ಈ ಗರಗಸವನ್ನು ಎಳೆಯಬೇಕು, ತಳ್ಳಬಾರದು. ತಳ್ಳಿದರೆ ಅಲಗು ಬಾಗುತ್ತದೆ. ನನ್ನ ಪಾಳಿ ಎಳೆದು ಕೈ ಸಡಿಲ ಬಿಡಬೇಕು, ಆಮೇಲೆ ಆ ಕಡೆಯವರು ಎಳೆಯುತ್ತಾರೆ. ಎಷ್ಟು ವರ್ಷದಿಂದ ಈ ಕೆಲಸ ಎಂದು ಕೇಳಿದೆ. ಇಪ್ಪತ್ತು ವರ್ಷ ಮಿಕ್ಕಿತಂತೆ. ಎರಡು ಮೈಲಿಯಷ್ಟು ತುಣುಕು ಅವರದು. ಮಳೆನೀರು ಹಾದಿ ಕೊಚ್ಚದಂತೆ ಅಡ್ಡಗಲ್ಲು ಕೂರಿಸುವುದು, ಬಿಳಿ ಪಟ್ಟಿ ಮಾಸಿದರೆ ಹೊಸ ಬಣ್ಣ ಹಚ್ಚುವುದು, ಬಿದ್ದ ಮರ ತೆಗೆಯುವುದು. “ನೀವು ಮೇಯ್ನ್‌ವರೆಗೆ ನಡೆದಿದ್ದೀರಾ?” ಎಂದೆ. ಇಲ್ಲ ಎಂದರು. ಬೇಸರವೂ ಇಲ್ಲ, ಹೆಮ್ಮೆಯೂ ಇಲ್ಲ. ಮತ್ತೆ ಗರಗಸದ ಹಿಡಿ ಹಿಡಿದರು.

ಆಮೇಲೆ ಅವರೇ ಹಾದಿಬದಿಯ ಒಂದು ಹೆಬ್ಬೆರಳು ದಪ್ಪದ ಗಿಡ ತೋರಿಸಿದರು. ಅಮೆರಿಕನ್ ಚೆಸ್ಟ್‌ನಟ್. ಒಂದು ಕಾಲಕ್ಕೆ ಈ ಬೆಟ್ಟಗಳ ದೊರೆಯಾಗಿದ್ದ ಮರ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಬೂಷ್ಟು ರೋಗ ಕೆಲವೇ ದಶಕಗಳಲ್ಲಿ ಕೋಟಿ ಕೋಟಿ ಮರಗಳನ್ನು ಕೊಂದಿತು. ರೋಗ ಬೇರಿಗೆ ಇಳಿಯುವುದಿಲ್ಲ. ಹಳೆಯ ಬೇರಿನಿಂದ ಚಿಗುರು ಏಳುತ್ತದೆ, ಆಳೆತ್ತರ ಬೆಳೆಯುತ್ತದೆ, ತೊಗಟೆ ಬಿರುಕು ಬಿಡುತ್ತಲೇ ರೋಗ ತಗಲಿ ಸಾಯುತ್ತದೆ. ಮತ್ತೆ ಚಿಗುರು. ಕಾಯಿ ಬಿಡುವ ಪ್ರಾಯ ಮುಟ್ಟುವುದು ಅಪರೂಪ. ನೂರು ವರ್ಷದಿಂದ ಆ ಬೇರು ಇದನ್ನೇ ಮಾಡುತ್ತಿದೆ. ನಾನು ಆ ಗಿಡದ ಮುಂದೆ ಸ್ವಲ್ಪ ಹೊತ್ತು ನಿಂತೆ, ಕೈ ತಾನಾಗಿ ಮುಗಿಯಿತು.

ಬೆಟ್ಟದ ತಲೆಯ ಮೇಲೆ ಬೋಳು ಬಂಡೆ. 1930ರ ದಶಕದಲ್ಲಿ ಕಟ್ಟಿದ ಎರಡು ಕೋಣೆಯ ಕಲ್ಲುಮನೆ ಇದೆ, ನಡೆಯುವವರು ರಾತ್ರಿ ಮಲಗಲು. ಬಂಡೆಯ ಮೇಲೆ ಕೂತರೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಬೆಟ್ಟ, ಕೊನೆಯದು ಆಕಾಶದ ಬಣ್ಣದ್ದೇ.

ಚೆರೋಕಿ ಜನರ ನಂಬಿಕೆಯಲ್ಲಿ ಈ ಬೆಟ್ಟದೊಳಗೆ ನುನ್ನೇಹಿ ಎಂಬ ಅಮರರು ಇರುತ್ತಾರೆ. 1900ರಲ್ಲಿ ಅಚ್ಚಾದ ಜೇಮ್ಸ್ ಮೂನಿಯವರ ಚೆರೋಕಿ ಪುರಾಣಗಳ ಸಂಗ್ರಹದಲ್ಲಿ ಬ್ಲಡ್ ಮೌಂಟನ್ನಿನ ಹೆಸರು ಹಿಡಿದೇ ಈ ಮಾತಿದೆ. ಅವರ ಹೆಸರಿನ ಅರ್ಥ ‘ಎಲ್ಲೆಂದರಲ್ಲಿ ಇರುವವರು’ ಎಂದು ಮೂನಿ ಹೇಳುತ್ತಾರೆ. ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಅವರು ತಮ್ಮ ಮನೆಗೆ ಕರೆದೊಯ್ದು, ಉಣಿಸಿ, ದಣಿವು ಆರಿದ ಮೇಲೆ ಮನೆ ಮುಟ್ಟಿಸುತ್ತಾರಂತೆ. ಎಲ್ಲೆಂದರಲ್ಲಿ ಇರುವವರು: ನಮ್ಮ ಕಡೆ ಇದಕ್ಕೆ ಜಂಗಮ ಎನ್ನುತ್ತೇವೆ. ಆದರೆ ನಮ್ಮ ಜಂಗಮ ಉಣ್ಣಲು ಬರುವವನು, ಚೆರೋಕಿಯರ ಜಂಗಮ ಉಣಿಸುವವನು. ನಡೆಯುವವನಿಗೂ ನೀಡುವವನಿಗೂ ನಾವು ಎಳೆದ ಗೆರೆಯನ್ನು ಆ ಜನ ಎಳೆದಿರಲಿಲ್ಲ.

ಆ ಜನರೂ ಒಂದು ಹಾದಿ ನಡೆದರು. ಡಲೋನೆಗಾದ ಸುತ್ತ 1820ರ ದಶಕದ ಕೊನೆಗೆ ಚಿನ್ನ ಸಿಕ್ಕಿತು. 1832ರಲ್ಲಿ ಜಾರ್ಜಿಯಾ ರಾಜ್ಯ ಅವರ ನೆಲವನ್ನು ಲಾಟರಿಯಲ್ಲಿ ಹಂಚಿತು. 1838ರಲ್ಲಿ ಸೈನಿಕರು ಮನೆಮನೆಯಿಂದ ಎಬ್ಬಿಸಿ, ಸುಮಾರು 16,000 ಜನರನ್ನು ಇಂದಿನ ಓಕ್ಲಹೋಮದ ಕಡೆಗೆ ಅಟ್ಟಿದರು. ಸುಮಾರು 4,000 ಜನ ಸತ್ತರು. ಅದಕ್ಕೆ ಕಣ್ಣೀರಿನ ಹಾದಿ ಎಂದೇ ಹೆಸರು. ಅವರೂ ನಡೆದರು, ಅವರ ಕಾಲಲ್ಲೂ ಬೊಕ್ಕೆ ಎದ್ದವು. 2020ರ ಇದೇ ವಸಂತದಲ್ಲಿ, ಲಾಕ್‌ಡೌನ್ ಆದಾಗ, ನಮ್ಮ ನಾಡಿನ ಗುಳೆ ಹೋದ ಕೂಲಿಗಳು ಕೂಸುಗಳನ್ನು ಎತ್ತಿಕೊಂಡು ನೂರಾರು ಮೈಲಿ ನಡೆದದ್ದನ್ನು ನಾವು ನೋಡಿದ್ದೇವೆ. ಅದನ್ನು ಯಾತ್ರೆ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹಾಗಾದರೆ ಪಾವಿತ್ರ್ಯ ಇರುವುದು ಕಾಲಿನಲ್ಲಲ್ಲ. ನಡಿಗೆಯ ಕಷ್ಟದಲ್ಲಂತೂ ಅಲ್ಲವೇ ಅಲ್ಲ. ಅಪ್ಪನ ಮಾತು ನನ್ನೊಳಗೆ ಮೊದಲ ಸಲ ಅಲುಗಿದ್ದು ಆ ಬಂಡೆಯ ಮೇಲೆ.

ಹನ್ನೆರಡನೆಯ ಶತಮಾನದ ಶರಣರು ತೀರ್ಥಕ್ಷೇತ್ರ ಸುತ್ತುವುದನ್ನು ಕಟುವಾಗಿ ಪ್ರಶ್ನಿಸಿದವರು. ದೇಹವೇ ದೇಗುಲ ಎಂದವರು. ಅದೇ ಶರಣರಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಹೊರಟು ಶ್ರೀಶೈಲದ ಕದಳಿಗೆ ನಡೆದಳು, ಅಲ್ಲಮನೂ ಅಲ್ಲಿಗೇ ಹೋದ ಎನ್ನುತ್ತಾರೆ. ಇದನ್ನು ಹೇಗೆ ಹೊಂದಿಸಬೇಕೆಂದು ತರುಣನಾಗಿದ್ದಾಗ ನನಗೆ ತಿಳಿಯುತ್ತಿರಲಿಲ್ಲ. ಈಗ ಅನ್ನಿಸುವುದು ಇಷ್ಟು: ಅವರು ಬೇಡವೆಂದದ್ದು ನಡಿಗೆಯನ್ನಲ್ಲ, ನಡೆದು ಗಳಿಸಿದೆ ಎನ್ನುವ ಲೆಕ್ಕವನ್ನು. ಚಲಿಸುವುದು ಜಂಗಮ, ನಿಂತದ್ದು ಸ್ಥಾವರ ಎಂದು ಅವರಿಂದ ಕಲಿತ ನಾವು, ಮನೆಯಲ್ಲಿ ಉಳಿದವರನ್ನು ಸದ್ದಿಲ್ಲದೆ ಸ್ಥಾವರದ ಕಡೆ ಸೇರಿಸಿಬಿಟ್ಟೆವು. ಜಂಗಮ ಇದ್ದಲ್ಲಿ ದಾಸೋಹ ಇರಲೇಬೇಕೆಂಬುದನ್ನು ಬಾಯಲ್ಲಿ ಹೇಳಿದೆವು, ಲೆಕ್ಕದಲ್ಲಿ ಬಿಟ್ಟೆವು.

ನಾನು ಡಬ್ಬಿ ಬಿಚ್ಚಿ ರೊಟ್ಟಿ ಮುರಿದೆ. ಆಗ ಅವ್ವ ನೆನಪಾದಳು. ಯುಗಾದಿಗೆ ಹದಿನೈದು–ಇಪ್ಪತ್ತು ದಿನ ಮೊದಲು ನಮ್ಮ ಮನೆಯಲ್ಲಿ ರೊಟ್ಟಿಯ ಸದ್ದು ಸುರುವಾಗುತ್ತಿತ್ತು. ಮಗ್ಗದ ಸದ್ದಿಗಿಂತ ಮೊದಲು ಏಳುತ್ತಿತ್ತು ಆ ಸದ್ದು. ಒಂದು ಚೀಲ ಕಟಕ ರೊಟ್ಟಿ ಆಗಬೇಕು. ಅಪ್ಪನಿಗಷ್ಟೇ ಅಲ್ಲ, ಓಣಿಯ ಒಂಟಿ ಗಂಡಸರಿಗೂ. ಅಪ್ಪ ಹೋದ ಇಪ್ಪತ್ತು ದಿನ ಮಗ್ಗ ನಿಲ್ಲುವುದು, ಸಾವುಕಾರನ ನೂಲಿನ ಬಾಕಿ ನಿಲ್ಲುವುದಿಲ್ಲ. ಅವ್ವ ಬೇರೆಯವರ ಮನೆಯ ಕಂಡಿಕೆ ಸುತ್ತಿ ಸಂಸಾರ ತೂಗಿಸುತ್ತಿದ್ದಳು. ಯುಗಾದಿಯ ದಿನ ನಮಗೆ ಬೇವು–ಬೆಲ್ಲ ಕೊಟ್ಟು, ಪೂರ್ವಕ್ಕೆ ತಿರುಗಿ ಕೈ ಮುಗಿಯುತ್ತಿದ್ದಳು. ಶ್ರೀಶೈಲದ ಭ್ರಮರಾಂಬೆಯನ್ನು ಕನ್ನಡ ನಾಡಿನವರು ಮನೆಮಗಳೆಂದು ತಿಳಿದು ಸೀರೆ, ಖಣ, ಅರಿಷಿಣ–ಕುಂಕುಮ ಒಯ್ಯುತ್ತಾರೆ. ಅಪ್ಪ ಒಯ್ಯುತ್ತಿದ್ದ ಖಣದ ಕಂಡಿಕೆಯೂ ಅವ್ವ ಸುತ್ತಿದ್ದೇ. ಅವ್ವ ಒಂದು ಸಲವೂ ಶ್ರೀಶೈಲ ನೋಡಲಿಲ್ಲ. 1994ರಲ್ಲಿ ತೀರಿಕೊಂಡಳು.

ಅಪ್ಪ ಇಪ್ಪತ್ತೊಂದು ಸಲ ನಡೆದರು ಎಂದು ನಾವೆಲ್ಲ ಹೇಳುತ್ತ ಬಂದೆವು. ಯಾರು ನಡೆದದ್ದು? ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹಾಸು ನೂಲು ಬಿಗಿದು ನಿಂತಿರುತ್ತದೆ, ಲಾಳಿ ಓಡುತ್ತದೆ. ಓಡಿದ್ದು ಲಾಳಿ ಎಂದು ಅರಿವೆಯೆಲ್ಲ ಲಾಳಿಯದು ಎನ್ನಲು ಬರುತ್ತದೆಯೇ? ಆತ್ಮಕೂರಿನ ಹೊರಗೆ, ನಾನು ಕುಸಿದು ಬಿದ್ದ ಮನೆಯ ಕಟ್ಟೆಯ ಮೇಲೆ, ಒಬ್ಬ ಮುದುಕಿ ನನ್ನ ಕಾಲು ಬಿಸಿನೀರಿನಲ್ಲಿ ತೊಳೆದು ಎಣ್ಣೆ–ಅರಿಷಿಣ ಹಚ್ಚಿದ್ದಳು. ಅವಳಿಗೆ ಕನ್ನಡ ಬಾರದು, ನನಗೆ ತೆಲುಗು ಬಾರದು. ಆ ಹಾದಿ ಅಪ್ಪನದಾಗಿದ್ದಷ್ಟೇ ಆ ಮುದುಕಿಯದೂ ಆಗಿತ್ತು, ಬಸ್ಸಿನ ಚಾಲಕನದೂ ಆಗಿತ್ತು. ಅಪ್ಪ ಬಸ್ಸನ್ನು ಹಾದಿಯಿಂದ ಹೊರಗಿಟ್ಟು ನೋಡಿದರು. ಅದೇ ಕಣ್ಣಿನಲ್ಲಿ ಅವ್ವನನ್ನೂ ಹೊರಗಿಟ್ಟರು. ಅಪ್ಪ ದೊಡ್ಡ ಭಕ್ತರು. ಈ ಒಂದು ಮಾತಿನಲ್ಲಿ ಅವರು ತಪ್ಪಿದರು ಎಂದು ಈಗ ಅಂಜದೆ ಹೇಳುತ್ತೇನೆ.

ಇಳಿಯುವಾಗ ಮಗಳು ನನ್ನನ್ನು ನೇರ ನೀಲ್ ಗ್ಯಾಪಿಗೆ ಕರೆತಂದಳು. ಸ್ಪ್ರಿಂಗರ್‌ನಿಂದ ಅದು 31 ಮೈಲಿ. ಅಲ್ಲೊಂದು ಹಳೆಯ ಕಲ್ಲು ಕಟ್ಟಡ, ಟ್ರೇಲ್ ಅದರ ಕಮಾನಿನೊಳಗೇ ಹಾದು ಹೋಗುತ್ತದೆ. ಒಳಗೆ ಅಂಗಡಿ. ಮೂರು ದಿನದಲ್ಲಿ ಭಾರದ ಅರ್ಥ ತಿಳಿದವರು ಅಲ್ಲಿ ಚೀಲ ಬಿಚ್ಚಿ, ಬೇಡದ್ದನ್ನು ತೆಗೆದು ಮನೆಗೆ ಅಂಚೆಯಲ್ಲಿ ಕಳಿಸುತ್ತಾರೆ. ಮುಂದಿನ ಮರದ ತುಂಬ ಜೋಡಿ ಜೋಡಿ ಬೂಟು ತೂಗಾಡುತ್ತವೆ. ಕೆಲವು ಬೂಟು ಬದಲಿಸಿದವರವು, ಕೆಲವು ಅಲ್ಲಿಗೇ ನಡಿಗೆ ನಿಲ್ಲಿಸಿದವರವು.

ಮಗಳು ಕಾರು ತರಲು ಹೋದಳು. ಗೋಡೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ಐವತ್ತರ ಆಸುಪಾಸು. ಒಂದು ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ತಮ್ಮನಿಗೆ ಫೋನ್ ಮಾಡಿದ್ದಾಳಂತೆ, ಕರೆದೊಯ್ಯಲು ಬರುತ್ತಿದ್ದಾನಂತೆ. ಎಂಟು ವರ್ಷ ದುಡ್ಡು ಕೂಡಿಸಿ ಕೆಲಸ ಬಿಟ್ಟು ಬಂದವಳು. ನಾನು ಪಕ್ಕದಲ್ಲಿ ಕೂತೆ. ಅವಳು ನನ್ನನ್ನು ನೋಡದೆ ಹೇಳಿದಳು, “ಬರೀ ಮೂವತ್ತೊಂದು ಮೈಲಿ.” ಡಬ್ಬಿಯಲ್ಲಿ ಎರಡು ರೊಟ್ಟಿ ಉಳಿದಿದ್ದವು. ಒಂದಕ್ಕೆ ಹಿಂಡಿ ಹಚ್ಚಿ ಅವಳ ಕೈಗೆ ಕೊಟ್ಟೆ. ಮುರಿದು ಬಾಯಿಗಿಟ್ಟುಕೊಂಡಳು. ಖಾರಕ್ಕೋ ಯಾತಕ್ಕೋ ಕಣ್ಣು ತುಂಬಿದವು. ನನ್ನ ಮಾಸ್ತರಿಕೆಯ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ, “ನೀವು ಬಂದಿದ್ದೀರಿ.” ಅವಳಿಗೆ ಅದು ಅರ್ಥವಾಯಿತೋ ಇಲ್ಲವೋ. ಎರಡನೆಯ ರೊಟ್ಟಿಯನ್ನೂ ತಗೊಂಡಳು. ಬೂಟನ್ನು ಮರಕ್ಕೆ ಎಸೆಯಲಿಲ್ಲ, ತಮ್ಮನ ಕಾರಿನಲ್ಲಿ ಇಟ್ಟುಕೊಂಡು ಹೋದಳು.

ಮನೆಗೆ ಬಂದಾಗ ಕತ್ತಲಾಗಿತ್ತು. ಅಡಿಗೆಮನೆಯಲ್ಲಿ ಬೇಳೆ ಬೆಂದ ವಾಸನೆ. ಬೆಳಿಗ್ಗೆ ಹೊರಡುವಾಗ “ನೀನೂ ಬರ್ತೀಯೇನು” ಎಂದು ನಾನು ಹೆಂಡತಿಯನ್ನು ಕೇಳಿರಲಿಲ್ಲ. ಮೂವತ್ತಾರು ವರ್ಷದ ಸಂಸಾರದಲ್ಲಿ ಇಂಥ ಎಷ್ಟು ಬೆಳಗು ಕೇಳದೆ ಹೊರಟಿದ್ದೆನೋ. ಅವಳ ಪಕ್ಕ ಕೂತು ಹೂರಣದ ಉಂಡೆ ಕಟ್ಟುತ್ತ ಇಡೀ ದಿನದ್ದನ್ನು ಹೇಳಿದೆ. ಬರುವ ಯುಗಾದಿಗೆ ಏನು ಮಾಡುವುದೆಂದು ಆ ರಾತ್ರಿಯೇ ಮಾತಾಡಿಕೊಂಡೆವು. ಆತ್ಮಕೂರಿನಿಂದ ಉಳಿದ ಹಾದಿ ನಡೆದು ಮುಗಿಸು ಎಂದು ಅವಳು ಅಂದಳು. ನನಗೆ ಆ ಆಸೆ ಈಗ ಇಲ್ಲ. ಹಾದಿಬದಿಯಲ್ಲಿ ಇಬ್ಬರೂ ಕೂಡಿ ಇರೋಣ ಎಂದೆ. ಇಳಕಲ್ಲಿನ ಆಚೆ ನನ್ನ ಶಿಷ್ಯನೊಬ್ಬನ ಹೊಲ ರಸ್ತೆಗೆ ಹತ್ತಿಕೊಂಡಿದೆ. ಅಲ್ಲಿ ಹಂದರ ಹಾಕಲು ಅವನು ಒಪ್ಪಿದ್ದಾನೆ.

ಮಾರ್ಚಿನಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಕಂಬಿ ಹೊತ್ತವರು ಬರುತ್ತಾರೆ. ನಿಮ್ಮ ಮನೆ ಆ ಹಾದಿಯಲ್ಲಿದ್ದರೆ ಒಂದು ಹರವಿ ನೀರು ಹೊರಗಿಡಿ. ಬಿಸಿನೀರು, ಎಣ್ಣೆ, ಅರಿಷಿಣ ತಯಾರಿರಲಿ. ಕಾಲು ಒಡೆದ ಹುಡುಗನೊಬ್ಬ ಬಂದು ಕಟ್ಟೆಯ ಮೇಲೆ ಕುಸಿದರೆ, ಕಾಲು ತೊಳೆದು, ಉಣಿಸಿ, ಬಸ್ಸಿಗೆ ಹತ್ತಿಸಿ. ಬಸ್ಸು ಹೊರಡುವ ಮೊದಲು ಅವನಿಗೆ ಒಂದು ಮಾತು ಹೇಳಿ: ತಮ್ಮಾ, ನೀ ಬಂದೀ.